ಬೋನಸ್ಸಿನ ವಿಷಯ ಅತ್ತೆ ಹೇಳಿದ್ದು

ನನ್ನ ಹಳೆಯ ಅತ್ತೆಯನ್ನು ಹೊಗಳಿದರೆ ನಮ್ಮಮ್ಮನಿಗೆ ಈಗಲೂ ಮೈಯೆಲ್ಲ ಉರಿಯುತ್ತದೆ. "ಅಷ್ಟು ಒಳ್ಳೆಯವ್ರಾಗಿದ್ರೆ ಅಲ್ಲೇ ಇರ್ಬೇಕಿತ್ತು ಕಣೆ" ಎನ್ನುತ್ತಾರೆ. ಏನು ಹೇಳಲಿ? ನಾನು ಬಿಟ್ಟುಬಂದದ್ದು ಗಂಡನನ್ನು. ಅವನನ್ನು ಈಗ ಧಾರಾಳವಾಗಿ 'ಅವನು' ಎನ್ನುತ್ತೇನೆ, ವಿಚ್ಛೇದನದಿಂದ ಸಿಕ್ಕ ಮೊದಲ ಸುಖ ಅದೇ. ಅತ್ತೆ ಮಾತ್ರ ಇವತ್ತಿಗೂ ಅತ್ತೆಯೇ.

ವಿಚ್ಛೇದನವಾದಾಗ ಕೋರ್ಟು ತಿಂಗಳಿಗಿಷ್ಟು ಎಂದು ಜೀವನಾಂಶ ಗೊತ್ತುಮಾಡಿತ್ತು. ಅವನು ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಅವನ ಬರೀ ಸಂಬಳ ನೋಡಿದರೆ ಯಾರಿಗಾದರೂ ಅಯ್ಯೋ ಪಾಪ ಎನ್ನಿಸಬೇಕು. ಕೈತುಂಬ ಬರುವುದೆಲ್ಲ ದಸರೆ ಹೊತ್ತಿನ ಬೋನಸ್ಸಿನಲ್ಲಿ. ಅವನು ಕೋರ್ಟಿಗೆ ಕೊಟ್ಟಿದ್ದ ಸಂಬಳದ ಚೀಟಿಗಳೋ, ಎಲ್ಲವೂ ಬೇಸಿಗೆ ತಿಂಗಳಿನವು. ಜಾಣ!

ಮದುವೆಗೋಸ್ಕರ ಅರ್ಧಕ್ಕೆ ಬಿಟ್ಟಿದ್ದ ಬಿ.ಎಡ್. ಅನ್ನು ನಾನು ಮತ್ತೆ ಹಿಡಿದಿದ್ದೆ. ಕುವೆಂಪುನಗರದ ಅಮ್ಮನ ಮನೆಯಿಂದಲೇ ಕಾಲೇಜು. ಜೀವನಾಂಶ ಅಕ್ಕಿ ಬೇಳೆಗೆ, ಸ್ಕೂಟರಿನ ಪೆಟ್ರೋಲಿಗೆ ಸರಿಹೋಗುತ್ತಿತ್ತು. ಕೊನೆಯ ವರ್ಷದ ಫೀಸಿಗೆ ದಾರಿಯೇ ಇರಲಿಲ್ಲ. ದಸರಾ ರಜೆ ಮುಗಿಯುವುದರೊಳಗೆ ಕಟ್ಟದಿದ್ದರೆ ಓದು ಅಲ್ಲಿಗೆ ನಿಂತಂತೆ, ನಾನು ಮತ್ತೆ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಂತು ಸೀರೆ ಬಿಚ್ಚಿ ತೋರಿಸಬೇಕು. ನಮ್ಮ ವಕೀಲರು ಹೇಳಿದರು: "ಬೋನಸ್ಸೂ ಆದಾಯವೇ ಕಣಮ್ಮ. ವರ್ಷ ವರ್ಷ ತಪ್ಪದೆ ಬರುತ್ತೆ ಅಂತ ತೋರಿಸಿದ್ರೆ ಅದರಲ್ಲೂ ಪಾಲು ಕೇಳಬಹುದು. ಯಾವಾಗಲೋ ಒಂದ್ಸಲ ಕೊಟ್ಟಿದ್ದು ಅಂತ ಆದ್ರೆ ಕಷ್ಟ." ಅರ್ಜಿ ಹಾಕಿದೆವು. ಮೊದಲು ಮಾತಾಡಿ ಬಗೆಹರಿಸಿಕೊಳ್ಳಿ ಎಂದು ಕೋರ್ಟು ನಮ್ಮಿಬ್ಬರನ್ನೂ ಮಧ್ಯಸ್ಥಿಕೆಗೆ ಕಳಿಸಿತು.

ಮಧ್ಯಸ್ಥಿಕೆಗೆ ಕೂತಿದ್ದವರು ತಲೆ ನರೆತ ವಕೀಲೆಯೊಬ್ಬರು. ಅವನು ಅತ್ತೆಯನ್ನೂ ಕರೆದುಕೊಂಡು ಬಂದಿದ್ದ. ಅವರ ಕೈಯಲ್ಲಿ ಮಾತ್ರೆ, ಎಕ್ಸ್‌ರೇ ತುಂಬಿದ ಚೀಲ. ತಾಯಿಯ ಮೊಣಕಾಲಿನ ಖರ್ಚು ತೋರಿಸಿ, ತನ್ನ ಹತ್ತಿರ ಏನೂ ಮಿಗುವುದಿಲ್ಲ ಎನ್ನುವ ಉಪಾಯ ಅವನದು.

"ಬೋನಸ್ ಅನ್ನೋದು ಕಂಪನಿ ಇಷ್ಟ ಮೇಡಂ" ಎಂದ, ಎಷ್ಟು ವಿನಯ ಅಂತೀರಿ. "ಒಂದ್ ವರ್ಷ ಕೊಡ್ತಾರೆ, ಒಂದ್ ವರ್ಷ ಇಲ್ಲ. ಅದ್ನ ನಂಬ್ಕೊಂಡು ಹೆಂಗೆ ಮಾತು ಕೊಡ್ಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನೆಟ್ಟಗೆ ಕೂತರು. "ಯಾಕ್ಲಾ ಅಂಗಂತೀಯ? ನಿಂಗ್ ಕೊಡ್ದೆ ಇನ್ಯಾರ್ಗೆ ಕೊಟ್ಟಾರು?" ಮೇಡಂ ಕಡೆ ತಿರುಗಿದರು. "ಒಂದ್ ವರ್ಸನೂ ತಪ್ಪಿಲ್ಲ ಕಣವ್ವ. ಆಯುಧಪೂಜೆಗೆ ಮುಂಚೆ ತಂದು ದೇವ್ರ ಮುಂದೆ ಮಡಗ್ತಾನೆ. ಬೋನಸ್ ಫ್ರಿಜ್ಜು, ಬೋನಸ್ ಮಿಕ್ಸಿ, ಬೋನಸ್ ಟೀವಿ, ಬೋನಸ್ ಮಂಚ... ಬನ್ನಿ ನಮ್ಮನೆಗೆ, ತೋರಿಸ್ತೀನಿ."

ಆ ಮನೆಯ ಪದ್ಧತಿಯೇ ಹಾಗೆ. ಬೋನಸ್ಸಿನಲ್ಲಿ ಏನು ಕೊಂಡರೂ ಅದಕ್ಕೆ ಆ ಹೆಸರೇ ನಿಲ್ಲುತ್ತದೆ. ಆಯುಧಪೂಜೆ ದಿನ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಬೀದಿಯವರನ್ನೆಲ್ಲ ಕರೆದು ತೋರಿಸಬೇಕು. ಮಗನಿಗೆ ಬೋನಸ್ಸೇ ಬರುವುದಿಲ್ಲವೆಂದರೆ ಅತ್ತೆಗೆ ಅದು ಮಗನ ಮಾನದ ಪ್ರಶ್ನೆ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡೆ.

"ಸುಮ್ಕಿರವ್ವ, ನಿಂಗ್ ಗೊತ್ತಾಗಲ್ಲ" ಎಂದು ಅವನು ಹಲ್ಲು ಕಡಿದ.

ಮೇಡಂ ಒಳ್ಳೆಯವರು. ಆ ಮಾತನ್ನು ಹಾಗೇ ಹಿಡಿದುಕೊಳ್ಳಲಿಲ್ಲ. "ನೋಡೀಮ್ಮ, ಬೋನಸ್ ಪ್ರತಿವರ್ಷ ಬರುತ್ತೆ ಅಂದ್ರೆ ಈ ಹುಡುಗಿಗೂ ಅದರಲ್ಲಿ ಪಾಲು ಕೊಡ್ಬೇಕಾಗುತ್ತೆ. ಅದಕ್ಕೇ ಕೇಳ್ತಿರೋದು. ಯೋಚನೆ ಮಾಡಿ ಹೇಳಿ" ಎಂದರು.

ಅತ್ತೆಯ ಮುಖ ಸಣ್ಣದಾಯಿತು. ಏನಾಗಿಹೋಯಿತೆಂದು ಆಗ ತಿಳಿಯಿತು ಅವರಿಗೆ. ವಯಸ್ಸಾಯಿತು, ನೆನಪಿಲ್ಲ ಎಂದುಬಿಟ್ಟಿದ್ದರೆ ಸಾಕಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಹೆತ್ತ ಮಗ ಪಕ್ಕದಲ್ಲೇ ದುರುಗುಟ್ಟಿಕೊಂಡು ಕೂತಿದ್ದಾನೆ. ನಾನಾದರೂ ಯಾರು, ಮನೆ ಬಿಟ್ಟು ಹೋದವಳು. ನನ್ನ ಫೀಸು ಹೋಯಿತು ಎಂದೇ ಅಂದುಕೊಂಡೆ.

"ಹೇಳಿದ್ದು ಹೇಳ್ದಂಗೇ ಬರ್ಕಳವ್ವ" ಎಂದರು ಅತ್ತೆ. "ಇವ್ನು ಬೆಳಗಿನ ಪಾಳಿಗೆ ಹೋಗ್ವಾಗ ಕತ್ಲಲ್ಲೇ ಎದ್ದು ರೊಟ್ಟಿ ತಟ್ಟಿ ಡಬ್ಬಿ ಕಟ್ತಿದ್ದೋಳು ಇವ್ಳು. ನಾನು ಮಂಡಿನೋವು ಅಂತ ಮನ್ಗಿರ್ತಿದ್ದೆ. ರಾತ್ರಿ ಪಾಳಿ ಮುಗಿಸ್ಬಂದು ಇವ್ನು ಹಗಲೊತ್ತು ಮನ್ಗುದ್ರೆ, ಮಿಕ್ಸಿ ಸದ್ದಿಗೆ ಎಚ್ರಾಯ್ತದೆ ಅಂತ ಹಿತ್ಲಲ್ಲಿ ಕಲ್ಲಲ್ಲಿ ರುಬ್ಬೋಳು. ವರ್ಸೆಲ್ಲ ಇಬ್ರೂ ದುಡುದ್ರು. ಬೋನಸ್ ಒಬ್ನ ಕೈಗೆ ಬಂತು, ಅಷ್ಟೇಯ. ಇವ್ಳು ಓದಿ ಒಂದ್ ಕೆಲ್ಸ ಹಿಡಿಯೋಗಂಟ ಕೊಡ್ಲಿ."

ಹಿತ್ತಿಲಲ್ಲಿ ಕೂತು ರುಬ್ಬುತ್ತಿದ್ದುದನ್ನು ಒಬ್ಬರು ನೋಡಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಅವನ ಮುಂದೆ ಅಳಬಾರದು ಎಂದು ಗಟ್ಟಿಯಾಗಿ ನಿಶ್ಚಯಿಸಿಕೊಂಡು ಹೋಗಿದ್ದವಳು, ಗೊಳೋ ಎಂದು ಅತ್ತುಬಿಟ್ಟೆ.

ಇನ್ನು ಅವನು ಇಲ್ಲವೆನ್ನುವುದು ಹೇಗೆ? ನನಗೆ ಕೆಲಸ ಸಿಗುವವರೆಗೆ ಪ್ರತಿವರ್ಷದ ಬೋನಸ್ಸಿನಲ್ಲೂ ಒಂದು ಪಾಲು ಎಂದು ಒಪ್ಪಂದವಾಯಿತು. ಆ ದಸರೆಯ ಪಾಲಿನಲ್ಲೇ ಕೊನೆಯ ಫೀಸು ಕಟ್ಟಿದೆ. ಈಗ ದಟ್ಟಗಳ್ಳಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಸಮಾಜ ಪಾಠ ಮಾಡುತ್ತೇನೆ, ಪಾಲು ತೆಗೆದುಕೊಳ್ಳುವುದು ನಿಂತಿದೆ. ಆದರೆ ಆ ದಿನದ ಕಥೆ ಸಹಿಗೇ ಮುಗಿಯಲಿಲ್ಲ.

ಅವನು ಸಹಿ ಹಾಕಿದವನೇ, "ಅವ್ಳ ಜೊತೇಲೇ ಹೋಗು" ಎಂದು ತಾಯಿಯನ್ನು ಕೋರ್ಟಿನ ಗೇಟಿನಲ್ಲಿ ಬಿಟ್ಟು ಬೈಕ್ ಹತ್ತಿ ಹೊರಟುಹೋದ. ಎಂಥ ಗಂಡಸು! ನಾನು ಸ್ಕೂಟರ್ ತಂದು ನಿಲ್ಲಿಸಿದೆ. ಅತ್ತೆ ಮಾತ್ರೆ ಚೀಲ ತೊಡೆಯ ಮೇಲಿಟ್ಟುಕೊಂಡು, ನನ್ನ ಭುಜ ಹಿಡಿದು ಹಿಂದೆ ಕೂತರು. ಹೆಬ್ಬಾಳದ ಕಡೆ ಹೊರಟೆವು. ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದೆ, "ಅತ್ತೆ, ಇನ್ನು ನಿಮ್ಮ ಮಗ ನಿಮ್ಮ ಜೊತೆ ಮಾತೇ ಬಿಟ್ಬಿಟ್ರೆ?"

"ಬುಡ್ಲಿ ಬುಡು. ಉಣ್ಣಕ್ಕೆ ಕೂತಾಗ ಉಪ್ಪು ಬೇಕಾಯ್ತದಲ್ಲ, ಆಗ ಕರೀತಾನೆ."

ನಾನು ನಕ್ಕೆ. ಅವರು ನಗಲಿಲ್ಲ. ಭುಜದ ಮೇಲಿನ ಕೈ ಸ್ವಲ್ಪ ಬಿಗಿಯಾಯಿತು.

"ಅವ್ನು ನನ್ ಮಗ ಕಣವ್ವ. ಇವತ್ತು ಕೆಟ್ಟೋಳಾದ್ರೆ ನಾಳೀಕೆ ಒಳ್ಳೇಳಾಗ್ತೀನಿ. ನಿಂಗೆ ಏನಾರ ಮಾಡ್ಬೇಕು ಅಂದ್ರೆ, ಇವತ್ ಬುಟ್ರೆ ಇನ್ಯಾವತ್ತು ಸಿಗ್ತೀಯ ನೀನು ನಂಗೆ?"

ಹಸಿರು ದೀಪ ಬಂತು. ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದರು. ನನಗೆ ರಸ್ತೆ ಕಾಣುತ್ತಿರಲಿಲ್ಲ.