ಎಸ್ತರತ್ತೆಯ ಪೆನ್‌ರೋಸ್

ಇವತ್ತು ಮಧ್ಯಾಹ್ನ ಪಾಮರ್ಸ್ಟನ್ ನಾರ್ತಿನ ಔಷಧಿ ಅಂಗಡಿಯೊಂದರಲ್ಲಿ ಕೆಮ್ಮಿನ ಸಿರಪ್ಪಿಗೆ ಕಾಯುತ್ತ ನಿಂತಿದ್ದೆ. ಗಲ್ಲಾದ ಪಕ್ಕದಲ್ಲಿ, ಚೂಯಿಂಗ್ ಗಮ್ ಮತ್ತು ಸನ್‌ಸ್ಕ್ರೀನ್ ನಡುವೆ, ಬಿಳಿ ಡಬ್ಬಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ನಿಮ್ಮ ವಂಶದ ಮೂಲ ತಿಳಿಯಿರಿ, ಎಂಜಲು ಕಳಿಸಿದರೆ ಸಾಕು ಎಂದು ಮೇಲೆ ಬರೆದಿತ್ತು. ಕ್ರಿಸ್ಮಸ್ ಉಡುಗೊರೆಗೆ ಒಳ್ಳೆಯದು ಎಂದು ಅಂಗಡಿಯ ಹುಡುಗಿ ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. ಐದು ವರ್ಷದ ಹಿಂದಿನ ಒಂದು ಬುಧವಾರದಿಂದ ಭಾನುವಾರದವರೆಗಿನ ದಿನಗಳು ನೆನಪಾದವು.

ಹೆಸರಿನ ವಿಷಯದಲ್ಲಿ ನಾನು ಬಡವ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿದ್ದಾಗ ನನಗೆ ಒಂದು ಹೆಸರು, ಅದರ ಮುಂದೆ ಒಂದು ಇನಿಷಿಯಲ್, ಅಷ್ಟೇ ಇದ್ದದ್ದು. ಪಾಸ್‌ಪೋರ್ಟಿನವರು ಆ ಇನಿಷಿಯಲ್ಲನ್ನು ಬಿಡಿಸಿ ನಮ್ಮಪ್ಪನ ಹೆಸರನ್ನೇ ನನ್ನ ಸರ್‌ನೇಮ್ ಮಾಡಿದರು. ಹೀಗಾಗಿ ಇಲ್ಲಿನ ಬ್ಯಾಂಕಿನಲ್ಲಿ "ಮಿಸ್ಟರ್ ನಂಜುಂಡಯ್ಯ" ಎಂದು ಕೂಗಿದಾಗ ಮೊದಲ ಆರು ತಿಂಗಳು ನಾನು ಹಿಂದೆ ತಿರುಗಿ ನೋಡುತ್ತಿದ್ದೆ, ಅಪ್ಪ ಯಾವಾಗ ಬಂದರಪ್ಪ ಎಂದು. ನನ್ನ ಹೆಂಡತಿ ಶೀಲಾಳಿಗೆ ಈ ತಾಪತ್ರಯವಿಲ್ಲ. ಅವಳು ಹುಟ್ಟಿನಿಂದಲೇ ಶೀಲಾ ಪೆನ್‌ರೋಸ್. ಅವಳ ಮುತ್ತಜ್ಜ ಕೋಲಾರದ ಚಿನ್ನದ ಗಣಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದಿಳಿದ ಗಣಿ ಕ್ಯಾಪ್ಟನ್, ಅಂದರೆ ಕೆಲಸದ ಮೇಲ್ವಿಚಾರಕ, ಎಂಬುದು ಆ ಮನೆಯ ನಂಬಿಕೆ. ಮುಖ ನೋಡಿದರೆ ಯಾರೂ ಹಾಗೆನ್ನಲಾರರು. ಆದರೆ ಗಣಿಯ ಕಾಲೋನಿಯಲ್ಲಿ ಮುಖಕ್ಕಿಂತ ಹೆಸರನ್ನೇ ಹೆಚ್ಚು ಓದುತ್ತಿದ್ದರಂತೆ.

ಆ ಹೆಸರನ್ನು ಎಲ್ಲರಿಗಿಂತ ಜೋಪಾನವಾಗಿ ಕಾಪಾಡಿಕೊಂಡು ಬಂದವರು ಶೀಲಾಳ ಸೋದರತ್ತೆ ಎಸ್ತರ್. ಮದುವೆಯಾಗದೆ, ಮೈಸೂರಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮಕ್ಕಳು ಅವರನ್ನು ಪೆನ್ನು-ಗುಲಾಬಿ ಮಿಸ್ ಎನ್ನುತ್ತಿದ್ದರು. ಅತ್ತೆಗೆ ಅದೂ ಹೆಮ್ಮೆಯೇ. ನಮ್ಮ ಮದುವೆಗೆ ಎರಡೂ ಮನೆಯವರು ಬೆನ್ನು ತಿರುಗಿಸಿದ್ದಾಗ, ರಿಜಿಸ್ಟ್ರಾರ್ ಕಚೇರಿಗೆ ಬಂದು ಸಾಕ್ಷಿಯ ಸಹಿ ಹಾಕಿದ್ದು ಅವರೊಬ್ಬರೇ. ಯಾಕೆ ಅಷ್ಟು ಧೈರ್ಯ ಮಾಡಿದರೆಂದು ನಾನು ಕೇಳಿರಲಿಲ್ಲ. ಉಪಕಾರ ಪಡೆದವರು ಕಾರಣ ಕೇಳುವುದು ಕಡಿಮೆ.

ಆ ವರ್ಷ ಅತ್ತೆ ಆರು ತಿಂಗಳ ವೀಸಾದಲ್ಲಿ ನಮ್ಮಲ್ಲಿಗೆ ಬಂದರು. ಆಕ್ಲೆಂಡಿನಲ್ಲಿ ಎರಡು ದಿನ ಇದ್ದು ದಕ್ಷಿಣಕ್ಕೆ, ನಮ್ಮ ಪಾಮರ್ಸ್ಟನ್ ನಾರ್ತಿಗೆ ಕಾರಿನಲ್ಲಿ ಹೊರಟಾಗ ಹೆದ್ದಾರಿಯ ಹಸಿರು ಫಲಕದ ಮೇಲೆ ಪೆನ್‌ರೋಸ್ ಎಂಬ ಬಡಾವಣೆಯ ಹೆಸರು ಕಂಡಿತು. ಅತ್ತೆ ಚಪ್ಪಾಳೆ ತಟ್ಟಿದರು. "ನಿಲ್ಸಿ ಅಳಿಯಂದ್ರೆ, ಒಂದು ಫೋಟೋ!" ಮೋಟರ್‌ವೇಯಲ್ಲಿ ನಿಲ್ಲಿಸುವ ಹಾಗಿಲ್ಲ ಎಂದರೆ, "ನಮ್ಮ ಹೆಸರಿನ ಊರಲ್ಲಿ ನಮಗೇ ನಿಲ್ಲೋ ಹಾಗಿಲ್ವಾ?" ಎಂದು ಮುನಿಸಿಕೊಂಡರು.

ಆರ್ಥರ್ ಸಿಕ್ಕಿದ್ದು ಶೀಲಾ ನರ್ಸಾಗಿರುವ ಕ್ಲಿನಿಕ್ಕಿನಲ್ಲಿ. ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ವಾರಕ್ಕೊಮ್ಮೆ ಬರುತ್ತಿದ್ದ, ಹಸು ಸಾಕಿ ನಿವೃತ್ತನಾದ ರೈತ. ಅವಳ ಎದೆಯ ಮೇಲಿನ ಬ್ಯಾಡ್ಜ್ ಓದಿ, "ಈ ಹೆಸರು ನಿನಗೆಲ್ಲಿ ಸಿಕ್ಕಿತು?" ಎಂದು ಗಡುಸಾಗಿ ಕೇಳಿದನಂತೆ. ಅವನೂ ಪೆನ್‌ರೋಸ್. ಅವನ ಅಜ್ಜನ ಅಪ್ಪನೂ ಕಾರ್ನ್‌ವಾಲ್‌ನಿಂದ ಹೊರಟ ಗಣಿಗಾರ. ಆ ಗಣಿಗಾರನ ಒಬ್ಬ ಅಣ್ಣ ಇಂಡಿಯಾಕ್ಕೆ ಹೋಗಿ ಪತ್ತೆಯಿಲ್ಲದಾಗಿದ್ದನಂತೆ. ಶೀಲಾ ಕೋಲಾರದ ಕಥೆ ಹೇಳಿದಾಗ ಮುದುಕ ಪಟ್ಟಿ ಕಟ್ಟಿಸಿಕೊಳ್ಳುವುದನ್ನೂ ಮರೆತು ಎದ್ದು ನಿಂತುಬಿಟ್ಟನಂತೆ.

ಮುಂದಿನ ಭಾನುವಾರ ಹಿಂದೆ ಸಾಮಾನು ಹೇರುವ ಅವನ ಹಳೆಯ ಯೂಟ್ ಗಾಡಿ ನಮ್ಮ ಮನೆಯ ಮುಂದೆ ನಿಂತಿತು. ಆರ್ಥರ್ ಮೇಜಿನ ಮೇಲೆ ಚಾಪೆಯಷ್ಟು ಉದ್ದದ ವಂಶವೃಕ್ಷ ಬಿಚ್ಚಿದ. ಪೆನ್‌ರೋಸ್ ಎಂದರೆ ಪೆನ್ನೂ ಅಲ್ಲ, ಗುಲಾಬಿಯೂ ಅಲ್ಲ, ಕಾರ್ನ್‌ವಾಲ್‌ನ ಹಳೆಯ ಭಾಷೆಯಲ್ಲಿ ಕುರುಚಲು ಬಯಲಿನ ತುದಿ ಎಂದರ್ಥ ಎಂದ. ಅತ್ತೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಎರಡೂ ಮನೆಯವರು ಒಂದೇ ರಕ್ತವೇ ಎಂದು ಖಚಿತ ಮಾಡಿಕೊಳ್ಳಲು ಪರೀಕ್ಷೆಯಿದೆ, ತನ್ನದನ್ನು ಆಗಲೇ ಮಾಡಿಸಿದ್ದೇನೆ, ಆದರೆ ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವ ಗುರುತು ಅದು, ಹೆಂಗಸರಲ್ಲಿ ಇರುವುದಿಲ್ಲ ಎಂದ. ಹಾಗಾಗಿ ಮೈಸೂರಿನಲ್ಲಿದ್ದ ಶೀಲಾಳ ತಮ್ಮ ರಾಬಿನ್ ಕೆನ್ನೆಯ ಒಳಗೆ ಕಡ್ಡಿ ಉಜ್ಜಿ ಪರೀಕ್ಷೆಗೆ ಕಳಿಸಿದ. ಫಲಿತಾಂಶಕ್ಕೆ ನನ್ನ ಇಮೇಲ್ ಕೊಟ್ಟೆವು. ಕಂಪ್ಯೂಟರಿನ ಕೆಲಸ ಎಂದರೆ ಮನೆಯವರಿಗೆಲ್ಲ ನಾನೇ ತಾನೆ.

ಎರಡು ತಿಂಗಳು ಅತ್ತೆ ಸಂಭ್ರಮದಲ್ಲಿದ್ದರು. ಆರ್ಥರ್ ತನ್ನ ಪಟದಲ್ಲಿ ಆ ಕಳೆದುಹೋದ ಅಣ್ಣನ ಕೆಳಗೆ ಪೆನ್ಸಿಲ್ಲಿನಲ್ಲಿ ಜಾಗ ಬಿಟ್ಟಿದ್ದ. ಅತ್ತೆ ದಿನಾ ಸಂಜೆ ನನ್ನನ್ನು ಕೇಳುತ್ತಿದ್ದರು: "ಬಂತಾ?"

ಒಂದು ಬುಧವಾರ ಫಲಿತಾಂಶ ಬಂತು. ಆಫೀಸಿನಲ್ಲಿ, ಸ್ಯಾಂಡ್‌ವಿಚ್ ತಿನ್ನುತ್ತ ತೆರೆದೆ. ಆರ್ಥರನ ಸಾಲಿಗೂ ರಾಬಿನ್ನನ ಸಾಲಿಗೂ ಏನೇನೂ ಸಂಬಂಧವಿರಲಿಲ್ಲ. ರಾಬಿನ್ನನದು ನಮ್ಮ ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಸಿಗುವ ಗುಂಪು. ಅವನ ಅಪ್ಪ, ಅಜ್ಜ, ಮುತ್ತಜ್ಜ ಯಾರೂ ಕಾರ್ನ್‌ವಾಲ್‌ನ ಗಂಡಸಿನ ಮಕ್ಕಳಲ್ಲ. ಕ್ಯಾಪ್ಟನ್ ಪೆನ್‌ರೋಸನ ಬಂಗಲೆಯಲ್ಲಿ ಅಡುಗೆಯವನೋ ಕುದುರೆಯಾಳೋ ಆಗಿದ್ದವನಿಗೆ ದೀಕ್ಷಾಸ್ನಾನದ ದಿನ ಯಾರೋ ದೊರೆಯ ಹೆಸರನ್ನೇ ಬರೆದಿರಬೇಕು ಎಂದು ನಾನು ಊಹಿಸಿದೆ. ಒಂದು ಕ್ಷಣ ನನಗೆ ನಗುವೇ ಬಂತು. ಅತ್ತೆ ಸ್ವಲ್ಪ ಬೇಜಾರು ಮಾಡಿಕೊಳ್ಳುತ್ತಾರೆ, ಆಮೇಲೆ ಸರಿಹೋಗುತ್ತಾರೆ ಎಂದುಕೊಂಡೆ. ಆದರೂ ಸಂಜೆ ಅವರು "ಬಂತಾ?" ಎಂದಾಗ ಬಾಯಿಗೆ ಬಂದದ್ದು "ಇಲ್ಲ".

ಗುರುವಾರ ಆರ್ಥರ್ ಫೋನ್ ಮಾಡಿದ. ತನ್ನ ಪರೀಕ್ಷೆಯ ಪುಟದಲ್ಲಿ ಹೊಸದೇನೂ ಕಾಣಿಸುತ್ತಿಲ್ಲ, ನಿಮ್ಮದು ಬಂತೇ ಎಂದ. ಅವನಿಗೂ ಇಲ್ಲ ಎಂದೆ. "ಇರಲಿ, ಭಾನುವಾರ ಊಟಕ್ಕೆ ಬರುತ್ತೇನಲ್ಲ. ಎಲ್ಲರೂ ಸೇರಿಯೇ ನೋಡೋಣ" ಎಂದ.

ಶುಕ್ರವಾರ ಸಂಜೆ, ಅತ್ತೆ ನದಿಯ ದಂಡೆಗೆ ವಾಕಿಂಗ್ ಹೋಗಿದ್ದಾಗ ಶೀಲಾಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಮಡಿಲಿಗಿಟ್ಟುಕೊಂಡು ಕೂತುಬಿಟ್ಟಳು.

"ಅತ್ತೆಗೆ ಹೇಳ್ಬೇಡಿ."

"ಯಾಕೆ? ಒಂದು ಹೆಸರು ತಾನೆ?"

"ನಿಮಗೆ ಗೊತ್ತಿಲ್ಲ. ಅತ್ತೆಗೆ ಇಪ್ಪತ್ತೆರಡು ವರ್ಷ ಇದ್ದಾಗ ಗಣೀಲಿ ಟೈಮ್‌ಕೀಪರ್ ಒಬ್ರು ಇದ್ರು, ಸೆಲ್ವರಾಜ್ ಅಂತ. ಮದುವೆ ಮಾಡ್ಕೊಡಿ ಅಂತ ಮನೆಗೇ ಬಂದು ಕೇಳಿದ್ರು. ತಾತ ಬಾಗಿಲಲ್ಲೇ ನಿಲ್ಸಿ, ಪೆನ್‌ರೋಸ್ ಮನೆ ಹುಡುಗೀನ ಗಣಿ ಕೂಲಿ ಮಗನಿಗೆ ಕೊಡಲ್ಲ ಅಂದ್ಬಿಟ್ರು. ಅತ್ತೆ ಎದುರಾಡ್ಲಿಲ್ಲ. ತಮ್ಮಪ್ಪ ಹೇಳಿದ್ದು ಸರೀನೇ ಅಂತ ನಂಬಿದ್ರು. ಆಮೇಲೆ ಯಾರನ್ನೂ ಮದುವೆ ಆಗ್ಲಿಲ್ಲ. ಈಗ ನೀವು ಹೋಗಿ, ಆ ಹೆಸರು ನಿಮ್ಮದಲ್ಲ ಅಂತೀರಾ?"

ನಮ್ಮ ಮದುವೆಯ ದಿನದ ಆ ಸಹಿ ಆಗ ಅರ್ಥವಾಯಿತು. ಶನಿವಾರವಿಡೀ ಮನೆಯಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಓಡಾಡಿದೆ. ಹುಲ್ಲು ಕತ್ತರಿಸಿದೆ, ಕತ್ತರಿಸಿದ ಹುಲ್ಲನ್ನೇ ಮತ್ತೆ ಕತ್ತರಿಸಿದೆ. ಪ್ರಯೋಗಾಲಯದಲ್ಲಿ ಕಡ್ಡಿ ಕಳೆದುಹೋಯಿತು ಎಂದರೆ? ರಾಬಿನ್ ಸರಿಯಾಗಿ ಉಜ್ಜಲಿಲ್ಲ ಎಂದರೆ? ಆದರೆ ಆರ್ಥರ್ ಎರಡನೇ ಸಲ ಮಾಡಿಸೋಣ ಎನ್ನುವ ಜಾತಿಯ ಮನುಷ್ಯ. ಇವತ್ತಲ್ಲ ನಾಳೆ, ಅವನ ಬಾಯಿಂದ, ಊಟದ ಮೇಜಿನ ಮುಂದೆ ಅತ್ತೆಗೆ ಗೊತ್ತಾಗುತ್ತಿತ್ತು. ಅದು ನನಗೆ ಸಹಿಸಲಾಗದ ಚಿತ್ರ.

ಭಾನುವಾರ ಹತ್ತು ಗಂಟೆಗೆ ಅತ್ತೆ ಅಡುಗೆಮನೆಯಲ್ಲಿ ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಆರ್ಥರ್ ಬರಲು ಎರಡು ಗಂಟೆಯಿತ್ತು. ಹೋಗಿ ಎದುರಿಗೆ ನಿಂತೆ.

"ಅತ್ತೆ, ರಿಸಲ್ಟ್ ಬಂದಿದೆ. ಬುಧವಾರವೇ ಬಂತು."

ಚಾಕು ನಿಂತಿತು. ಹೇಳಿದೆ. ಇದು ಗಂಡು ಸಾಲಿನ ಲೆಕ್ಕ ಮಾತ್ರ, ಹೆಣ್ಣಿನ ಕಡೆಯಿಂದ ಸಂಬಂಧ ಇದ್ದರೂ ಇರಬಹುದು ಎಂದು ಕೊನೆಗೆ ಸೇರಿಸಿದೆ. ಅವರು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ನಮ್ಮಪ್ಪನಿಗೆ ಗೊತ್ತಿತ್ತಾ?" ಎಂದರು.

"ಅದು ಯಾರಿಗೂ ಗೊತ್ತಾಗಲ್ಲ, ಅತ್ತೆ."

ಅವರು ಉಳಿದ ಈರುಳ್ಳಿಯನ್ನೂ ಹೆಚ್ಚಿದರು. ನಾನು ನೋಡುತ್ತ ನಿಂತಿದ್ದೆ. ಈರುಳ್ಳಿ ಹೆಚ್ಚುವವರ ಕಣ್ಣೀರಿನಲ್ಲಿ ಯಾವುದು ಯಾವುದಕ್ಕೆ ಎಂದು ಹೇಳುವುದು ಹೇಗೆ? ಆರ್ಥರನಿಗೆ ಫೋನ್ ಮಾಡಿ ಬರಬೇಡ ಎನ್ನಲೇ ಎಂದೆ. "ಅಡುಗೆ ಆಗ್ತಾ ಇದೆ. ಬರಲಿ" ಎಂದರು.

ಆರ್ಥರ್ ಬಂದ. ಬಾಗಿಲಲ್ಲೇ ಅವನಿಗೆ ವಿಷಯ ತಿಳಿಸಿದೆ. ಮುದುಕ ಸಪ್ಪಗಾದ, ಆದರೆ ಒಳ್ಳೆಯ ಮನುಷ್ಯ. ಊಟದ ನಡುವೆ ಅತ್ತೆಯನ್ನು ಸಮಾಧಾನ ಮಾಡಲು ಹೊರಟ. ಆ ಬಯಲ ತುದಿಯ ತೋಟದಲ್ಲಿ ವಾಸವಿದ್ದವರನ್ನೆಲ್ಲ ಊರಿನವರು ಪೆನ್‌ರೋಸ್ ಎಂದೇ ಕರೆದಿರಬೇಕು, ಯಜಮಾನನಿಗೂ ಆಳಿಗೂ ಅದೇ ಹೆಸರು ಅಂಟಿರಬೇಕು, ನನ್ನ ಹಿರಿಯರು ಅವರಲ್ಲಿ ಯಾರೋ ನನಗೇ ಗೊತ್ತಿಲ್ಲ, ಹೆಸರು ಇಟ್ಟುಕೊಂಡವರದ್ದು ಎಂದ.

ಅತ್ತೆ ಚಮಚ ಕೆಳಗಿಟ್ಟರು. ತರಗತಿಯಲ್ಲಿ ಮಾತಾಡುವಂಥ ಸ್ವಚ್ಛ ಇಂಗ್ಲಿಷಿನಲ್ಲಿ, "ಅದು ನಿಮಗೆ ಸಮಾಧಾನ, ಮಿಸ್ಟರ್ ಪೆನ್‌ರೋಸ್. ನನಗಲ್ಲ" ಎಂದರು. ಆಮೇಲೆ ಎಲ್ಲವನ್ನೂ ಹೇಳಿದರು. ಬಾಗಿಲಲ್ಲಿ ನಿಂತ ಯುವಕ, ಒಳಗಿನಿಂದ ಕೇಳಿಸಿಕೊಂಡ ತಾನು, ಅಪ್ಪನ ಮಾತು. "ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ. ನಾನೇ ಒಪ್ಪಿದೆ. ಅವರಿಗಿಂತ ನಾನು ಮೇಲು ಅಂತ ನನಗೂ ಅನ್ನಿಸಿತ್ತು. ಅದು ನನ್ನ ತಪ್ಪು, ಯಾವ ಪರೀಕ್ಷೆಯದ್ದೂ ಅಲ್ಲ."

ಆರ್ಥರ್ ಕೇಳಿದ್ದು ಒಂದೇ ಪ್ರಶ್ನೆ: "ಅವನ ಹೆಸರೇನು?"

"ಸೆಲ್ವರಾಜ್" ಎಂದರು ಅತ್ತೆ. ನಮ್ಮ ಮನೆಯಲ್ಲಿ ಅವರ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. ಆಮೇಲೆ ಅನ್ನದ ತಟ್ಟೆಯನ್ನು ಅವನ ಕಡೆ ಸರಿಸಿ, ಆರಿಹೋಗುತ್ತದೆ, ಊಟ ಮಾಡಿ ಎಂದರು.

ವೀಸಾ ಇನ್ನೂ ಎರಡು ತಿಂಗಳಿದ್ದರೂ ಅತ್ತೆ ಮುಂದಿನ ವಾರವೇ ಮೈಸೂರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಶೀಲಾಳೂ ನನ್ನ ಜೊತೆ ಕೆಲವು ದಿನ ಸರಿಯಾಗಿ ಮಾತಾಡಲಿಲ್ಲ. ಹೇಳಬಾರದಿತ್ತು ಎಂದು ಅವಳು ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟೇ.

ಮೂರು ತಿಂಗಳ ಮೇಲೆ ಅತ್ತೆಯೇ ಫೋನ್ ಮಾಡಿದರು. ರಾಬಿನ್ನನನ್ನು ಕರೆದುಕೊಂಡು ಕೋಲಾರ ಗಣಿಯ ಕಾಲೋನಿ ಚಾಂಪಿಯನ್ ರೀಫ್‌ಗೆ ಹೋಗಿದ್ದರಂತೆ. ಸೆಲ್ವರಾಜ್ ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದರು, ಕಣ್ಣು ಮಂಜು.

"ಎಸ್ತರ್ ಅಂದೆ. ಯಾವ ಎಸ್ತರ್ ಅಂದ್ರು. ಆ ಪ್ರಶ್ನೆಗೆ ಜೀವಮಾನವಿಡೀ ನನ್ನತ್ರ ಒಂದೇ ಉತ್ತರ ಇತ್ತು, ಅಳಿಯಂದ್ರೆ. ಅವತ್ತು ಬಾಯಿಗೆ ಬರಲಿಲ್ಲ. ಕೊನೆಗೆ ಅವರೇ ದನಿ ಗುರುತು ಹಿಡಿದ್ರು."

"ಏನಂದ್ರು?"

"ಆವತ್ತು ನಿಮ್ಮಪ್ಪ ಬೇಡ ಅಂದಾಗ ನನಗೆ ಒಳಗೊಳಗೇ ನಿರಾಳ ಆಯ್ತು ಅಂದ್ರು. ನಮ್ಮವ್ವನೂ ಒಪ್ತಿರಲಿಲ್ಲ, ಅವಳ ಜೊತೆ ಜಗಳ ಆಡೋ ಧೈರ್ಯ ನನಗಿರಲಿಲ್ಲ, ತಪ್ಪನ್ನ ನಿಮ್ಮ ಮನೆ ಹೆಸರಿನ ಮೇಲೆ ಹಾಕಿ ತಪ್ಪಿಸ್ಕೊಂಡೆ ಅಂದ್ರು. ನಲವತ್ತು ವರ್ಷ ನಾನೊಬ್ಬಳೇ ತಪ್ಪಿತಸ್ಥೆ ಅಂದ್ಕೊಂಡಿದ್ದೆ. ಎದ್ದು ಬಂದ್ಬಿಡೋಣ ಅನ್ನಿಸ್ತು. ಅಷ್ಟರಲ್ಲಿ ಅವರ ಮಗಳು ಕಾಫಿ ತಂದ್ಲು. ಕುಡಿದೆ."

ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾನೂ ಕೆದಕಲಿಲ್ಲ. ಆರ್ಥರ್ ಮಾತ್ರ ಪ್ರತಿ ಕ್ರಿಸ್ಮಸ್‌ಗೆ ಅವರಿಗೆ ಕಾರ್ಡ್ ಕಳಿಸುತ್ತಾನೆ. ಮಿಸ್ ಎಸ್ತರ್ ಪೆನ್‌ರೋಸ್ ಎಂದೇ ವಿಳಾಸ ಬರೆಯುತ್ತಾನೆ.

ಸಿರಪ್ ತೆಗೆದುಕೊಂಡು ಕಾರಿಗೆ ಬಂದು ಕೂತೆ. ಐದು ವರ್ಷದಿಂದ ಕೇಳದೆ ಉಳಿಸಿಕೊಂಡ ಪ್ರಶ್ನೆಯೊಂದು ನನ್ನೊಳಗಿತ್ತು. ಇಲ್ಲಿ ಸಂಜೆ ನಾಲ್ಕು, ಅಲ್ಲಿ ಬೆಳಿಗ್ಗೆ. ಫೋನ್ ಮಾಡಿದೆ.

"ಅತ್ತೆ, ಆ ರಿಸಲ್ಟ್ ನಾನು ಮುಚ್ಚಿಟ್ಟಿದ್ರೆ ಚೆನ್ನಾಗಿತ್ತಾ?"

ಆ ಕಡೆ ಪಾತ್ರೆಯ ಸದ್ದು ನಿಂತಿತು.

"ಮುಚ್ಚಿಟ್ಟಿದ್ರೆ ಪೆನ್‌ರೋಸ್ ಆಗೇ ಸಾಯ್ತಿದ್ದೆ. ಅದೇನು ಕೆಟ್ಟದ್ದಲ್ಲ" ಎಂದರು. "ಈಗ ಫೋನಿಡಿ. ರೈಲಿಗೆ ಹೊತ್ತಾಯ್ತು."

"ಎಲ್ಲಿಗೆ ಅತ್ತೆ?"

"ಚಾಂಪಿಯನ್ ರೀಫ್‌ಗೆ. ಅವರಿಗೆ ಕಣ್ಣಿನ ಆಪರೇಷನ್ ಆಗಿದೆ, ನಾಳೆ ಪಟ್ಟಿ ಬಿಚ್ತಾರೆ. ನಾನು ಮುದುಕಿ ಆಗಿದೀನಿ ಅಂತ ಅವರಿನ್ನೂ ನೋಡೇ ಇಲ್ಲ."