ಹದಿನಾರಕ್ಕೆ ಬೇರೆ ರೇಟು

ಕೆಲಮಂಗಲದ ಸಂತೇಲಿ ನಲವತ್ತು ವರ್ಷ ಸೊಪ್ಪು ಮಾರಿದೋಳು ನಾನು. ಓದು ಎರಡನೇ ಕ್ಲಾಸಿಗೇ ನಿಂತೋಯ್ತು. ಅಂಕಿ ಮಾತ್ರ ಚೆನ್ನಾಗಿ ಬತ್ತದೆ. ಲ್ಯಾಪ್‌ಟಾಪ್ ಮಾರೋರ ಯೋಗ್ಯತೆ ತಿಳಿಯೋಕೆ ಅಷ್ಟು ಸಾಕು.

ಮಗಳ ಮಗಳು ಹೊಸೂರಲ್ಲಿ ಕಾಲೇಜಿಗೆ ಸೇರಿದ್ಲು, ಕಟ್ಟಡದ ನಕ್ಷೆ ಬರೆಯೋ ಓದು. ಹದಿನಾರು ಜಿಬಿ ಮೆಮೊರಿ ಇರೋ ಲ್ಯಾಪ್‌ಟಾಪೇ ತರಬೇಕು, ಎಂಟರದ್ದಾದ್ರೆ ಆ ನಕ್ಷೆಗಳು ತೆರೆಯಲ್ಲ ಅಂತ ಕಾಲೇಜಲ್ಲಿ ಅಂದಿದ್ರಂತೆ. ನನ್ನ ಹತ್ರ ಇದ್ದದ್ದು ಎಮ್ಮೆ ಮಾರಿದ ಐವತ್ತೈದು ಸಾವಿರ. ಅದರ ಮೇಲೆ ಒಂದು ಕಾಸೂ ಹುಟ್ಟಲ್ಲ ಅಂತ ಮೊದಲೇ ಹೇಳಿದ್ದೆ.

ಮೊಬೈಲಲ್ಲಿ ಅಂಗಡಿ ತೆಗೆದು ತೋರಿಸಿದ್ಲು. ಅರವತ್ತೆರಡು ಸಾವಿರಕ್ಕೆ ಗೀಟು ಎಳೆದು ಕೆಳಗೆ ನಲವತ್ತೊಂಬತ್ತು ಅಂತ ಹಾಕಿದ್ರು. ಪಕ್ಕದಲ್ಲಿ ಒಂದು ಗಡಿಯಾರ ಹಿಂದಕ್ಕೆ ಓಡ್ತಿತ್ತು, ಸೊನ್ನೆಗೆ ಬಂದ್ರೆ ರಿಯಾಯಿತಿ ಹೋಯ್ತಂತೆ. ಎಂಟು ತೆಗೆದು ಹದಿನಾರು ಒತ್ತಿದ್ಲು. ಏಳು ಸಾವಿರ ಏರ್ತು. ಏರ್ಲಿ, ರಿಯಾಯಿತೀಲೂ ನಾಕು ಸಾವಿರ ಮಾಯ. ಬದಲಾಯಿಸಿದ ಮಾಲಿಗೆ ಆ ಆಫರ್ ಪೂರ್ತಿ ಸಿಗಲ್ವಂತೆ. ನಾವು ಕೇಳದ ವಾರಂಟಿ, ಬ್ಯಾಗು ತಾವಾಗೇ ಟಿಕ್ ಹಾಕ್ಕೊಂಡು ಕೂತಿದ್ವು. ಅವನ್ನ ಕಿತ್ತು ಹಾಕಿಸಿದ ಮೇಲೂ ಅರವತ್ತು ಸಾವಿರ.

ನನ್ನ ಎಮ್ಮೆ ಕೊಂಡೋನೂ ಕಳ್ಳನೇ. ಆದ್ರೂ ಹಲ್ಲು ನೋಡ್ದ, ಕೆಚ್ಚಲು ನೋಡ್ದ, ಟವಲ್ ಕೆಳಗೆ ಬೆರಳು ಹಿಡಿದು ಒಂದು ರೇಟು ಹೇಳ್ದ. ಕೊಂಬಿಗೆ ಬೇರೆ, ಬಾಲಕ್ಕೆ ಬೇರೆ ಅನ್ನಲಿಲ್ಲ.

ಹುಡುಗಿ ಮುಖ ಸಣ್ಣದಾಯ್ತು. "ಎಂಟೇ ಸಾಕು ಬುಡಜ್ಜಿ, ಹೆಂಗೋ ಮಾಡ್ಕೊತೀನಿ."

"ಮುಚ್ಚು ಅದನ್ನ. ಎದ್ದು ಹತ್ತು ಹೆಜ್ಜೆ ಹೋದ್ರೆ ಕೂಗಿ ಕರೀತಾರೆ."

"ಕೂಗೋಕೆ ಅಲ್ಲಿ ಮನುಷ್ಯರು ಎಲ್ಲವ್ರೆ?"

ಕ್ಯಾಲೆಂಡರ್ ಹಿಂದೆ ಇದ್ದಿಲಲ್ಲಿ ಅರವತ್ತು ಸಾವಿರ ಅಂತ ಬರೆದಿಟ್ಟೆ.

ಬೆಳಿಗ್ಗೆ ಕರೀತು. ನೀವು ಬುಟ್ಟೋದ ಸಾಮಾನು ಕಾಯ್ತಿದೆ ಅಂತ ಮೆಸೇಜು. ರಿಯಾಯಿತಿ ಎರಡು ಸಾವಿರ ಜಾಸ್ತಿ ಆಗೈತೆ ಅಂತ ಇವಳು ಕುಣಿದ್ಲು. ನಾನು ಕೆಳಗಿನ ಅಂಕಿ ನೋಡಿದೆ, ಅರವತ್ತು ಸಾವಿರದ ಐನೂರು. ಗೀಟು ಎಳೆದ ಅಂಕೀನೇ ಮೇಲಕ್ಕೆ ಎತ್ತಿದ್ರು. ಕಾಲೇಜು ಓದೋಳಿಗೆ ಅದು ಕಾಣ್ಲಿಲ್ಲ. ರಾತ್ರಿ ಸತ್ತಿದ್ದ ಗಡಿಯಾರ ಮತ್ತೆ ಮೊದಲಿಂದ ಓಡ್ತಿತ್ತು.

ಬಾಡಿದ ಸೊಪ್ಪಿಗೆ ನೀರು ಚಿಮುಕಿಸಿ ಈಗ ಕಿತ್ತಿದ್ದು ಅಂತ ನಾನೂ ಮಾರಿದ್ದೀನಿ. ಅದೇ ಗಿರಾಕಿಗೆ ಅದೇ ಕಟ್ಟನ್ನ ಮಾರನೇ ದಿನ ತೋರಿಸ್ತಿರಲಿಲ್ಲ. ಅಷ್ಟು ನಾಚಿಕೆ ಇತ್ತು.

ಆಗ ಹೊಳೀತು. ಅದರಲ್ಲಿ ನಾಕು ಕಡ್ಡಿ, ಇದರಲ್ಲಿ ನಾಕು ಕಡ್ಡಿ ಆರಿಸಿ ಕೊಡು ಅನ್ನೋರಿಗೆ ನಾನು ಜಾಸ್ತೀನೇ ಹೇಳ್ತಿದ್ದೆ. ಕಟ್ಟಿಟ್ಟಿದ್ದು ಯಾವತ್ತೂ ಅಗ್ಗ.

"ಹದಿನಾರು ಹಾಕಿ ಕಟ್ಟಿಟ್ಟಿರೋದು ಇಲ್ವೇನೆ ಅವ್ರ ಹತ್ರ? ನೋಡು."

ಹುಡುಕಿದ್ಲು. ಅದೇ ಅಂಗಡಿ, ಅದೇ ಲ್ಯಾಪ್‌ಟಾಪು, ಹದಿನಾರು ಮೊದಲೇ ಹಾಕಿರೋದು, ಐವತ್ಮೂರು ಸಾವಿರ. ನಿನ್ನೆಯಿಂದ ಪಕ್ಕದ ಪುಟದಲ್ಲೇ ಬಿದ್ದಿತ್ತು. ಇದು ಯಾಕಜ್ಜಿ ಕಮ್ಮಿ ಅಂದ್ಲು. ಬೇಕಾದಂಗೆ ಮಾಡಿಸ್ಕೊಳೋ ಆಸೆಗೆ ಅವ್ರು ದಂಡ ಹಾಕ್ತಾರೆ, ಒತ್ತು ಅಂದೆ. ಒತ್ತಿದ್ಲು.

ನಾಕು ದಿನಕ್ಕೆ ಬಂತು. ನಕ್ಷೆ ತೆರೀತದೆ. ಆ ಅರವತ್ತು ಸಾವಿರದ್ದಕ್ಕೆ ಈಗಲೂ ಮೆಸೇಜು ಬತ್ತದೆ, ಗಡಿಯಾರ ಈಗಲೂ ಓಡ್ತಾ ಐತೆ, ಇವತ್ತೇ ಕೊನೆ ಅಂತ.