ಹಾಲಿನಕ್ಕನ ವಸಡು

ಹಾಲಿನಕ್ಕ ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಕೆಳಗಿನ ಎರಡು ಮುಂಬಲ್ಲು ಅಲ್ಲಾಡುತ್ತಿದ್ದವು. ವಸಡು ಮಾಗಿದ ಹಿಪ್ಪುನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಸಕ್ಕರೆ ಕಾಯಿಲೆ ಹಳೆಯದು. ಕೈಲಾಂಚದಿಂದ ಮೊದಲ ಬಸ್ಸಿಗೆ ಕ್ಯಾನು ಹೊತ್ತು ರಾಮನಗರಕ್ಕೆ ಬಂದು ನಮ್ಮ ಬೀದಿಯ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಅಳತೆ ಮುಗಿದ ಮೇಲೆ ನನ್ನ ಪಾತ್ರೆಗೆ ಇನ್ನಷ್ಟು ಸುರಿದು, "ಒಸಿ ಜಾಸ್ತಿ ಕುಡಿ, ಓದೋ ಮಗ" ಅನ್ನುತ್ತಿದ್ದಳು.

ಆಗ ನಾನು ಸಂಶೋಧನಾ ವಿದ್ಯಾರ್ಥಿನಿ. ವಸಡಿನ ಅಡಿಯಲ್ಲಿ ಬದುಕುವ ಯೀಸ್ಟ್ ಎಂಬ ಸೂಕ್ಷ್ಮ ಶಿಲೀಂಧ್ರಗಳಲ್ಲಿ ಎಷ್ಟು ಬಗೆ, ಯಾವುದು ಯಾವ ಔಷಧಿಗೆ ಸಾಯುತ್ತದೆ ಎಂಬುದು ನನ್ನ ವಿಷಯ. ವಸಡಿನ ಕಾಯಿಲೆಯವರ ಮಾದರಿ ಬೇಕಿತ್ತು. ಸಂಕೋಚದಿಂದಲೇ ಅವಳನ್ನು ಕೇಳಿದೆ.

"ಹಲ್ಲು ಕೀಳಾಕಿಲ್ಲ ತಾನೆ?"

"ಇಲ್ಲಕ್ಕ. ಕಾಗದದ ಸಣ್ಣ ಕಡ್ಡಿ ಇಟ್ಟು ತೆಗೀತಾರೆ, ಅಷ್ಟೆ."

"ಹಂಗಾರೆ ತಗೊ."

ಎರಡು ಹಲ್ಲುಗಳ ಬುಡದಿಂದ ತೆಗೆದದ್ದು ಗಾಜಿನ ತಟ್ಟೆಗಳಲ್ಲಿ ಬೆಳೆಯಿತು. ಯೀಸ್ಟಿನ ಜಾತಿ ಒಂದೇ, ವಂಶವಾಹಿ ಬೇರೆ ಬೇರೆ. ಹೇಳಿದಾಗ ಅವಳಿಗೆ ಅಚ್ಚರಿಯೇ ಆಗಲಿಲ್ಲ. "ಒಂದೇ ಕೊಟ್ಟಿಗೇಲಿ ಕಟ್ಟಿದ್ರೂ ನನ್ನ ಎಲ್ಡು ಹಸೂಗೆ ಒಂದೇ ಬುದ್ಧಿ ಐತಾ?"

ಇನ್ನೊಂದು ವಿಷಯ ನಾನು ಹೇಳಲಿಲ್ಲ. ಔಷಧಿಯ ಬಿಲ್ಲೆಯನ್ನು ತಟ್ಟೆಯ ಮೇಲಿಟ್ಟರೆ, ಔಷಧಿ ನಾಟಿದ್ದರೆ ಅದರ ಸುತ್ತ ಏನೂ ಬೆಳೆಯುವುದಿಲ್ಲ. ಅವಳ ತಟ್ಟೆಗಳಲ್ಲಿ ಯೀಸ್ಟ್ ಬಿಲ್ಲೆಯ ಅಂಚಿನವರೆಗೂ ದಟ್ಟವಾಗಿ ಬೆಳೆದಿತ್ತು. ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಔಷಧಿಯೇ ಅದು.

ಮರುವರ್ಷ ಅವಳ ಕಿಡ್ನಿ ಕೈಕೊಟ್ಟವು. ಬಾಯಿಂದ ಗಂಟಲಿನವರೆಗೆ ಯೀಸ್ಟಿನ ಬಿಳಿಯ ಹೊದಿಕೆ ಕಟ್ಟಿತು. ಆಸ್ಪತ್ರೆಯಲ್ಲಿ ಅದೇ ಮಾತ್ರೆ ಕೊಟ್ಟರು. ನಾನು ಫಲಿತಾಂಶದ ಹಾಳೆ ಹಿಡಿದು ಓಡಿದೆ. ಡಾಕ್ಟರು ಓದಿ ಹಿಂದಿರುಗಿಸಿದರು. "ಇನ್ನೊಂದು ಇಂಜೆಕ್ಷನ್ ಇದೆಯಮ್ಮ. ಇವರ ಕಿಡ್ನಿ ಅದನ್ನ ತಡೆಯಲ್ಲ. ಅದಕ್ಕಿಂತ ಒಳ್ಳೇದು ನಮ್ಮಲ್ಲಿ ಸಿಗಲ್ಲ."

ಅವಳು ಮಂಚದ ಮೇಲೆ ಗೋಡೆಗೆ ಒರಗಿದ್ದಳು. "ಮುದ್ದೆ ಇಳೀತಿಲ್ಲ ಕಣವ್ವ, ಮುಳ್ಳು ನುಂಗ್ದಂಗಾಯ್ತದೆ. ನಿನ್ ಟೆಸ್ಟಲ್ಲಿ ಏನ್ ಬಂದಿತ್ತು? ದಿಟ ಹೇಳು."

"ಈ ಮಾತ್ರೆಗೆ ಅದು ಸಾಯಲ್ಲಕ್ಕ."

"ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹೋಗ್ಲಿ ಬುಡು. ಮೊದ್ಲೇ ಹೇಳಿದ್ರೆ ಮೊದ್ಲೇ ಹೆದರ್ಕತಿದ್ದೆ."

ಆಮೇಲೆ ನರ್ಸು ತಂದ ಮಾತ್ರೆಯನ್ನು, ಬೇಡವೆನ್ನದೆ, ಮೂರು ಸಲ ನೀರು ಕುಡಿದು ನುಂಗಿದಳು. ಪ್ರಾಣ ಹೋದದ್ದು ಕಿಡ್ನಿಯಿಂದ ಎಂದರು. ಆದರೆ ಕೊನೆಯ ದಿನಗಳಲ್ಲಿ ಅವಳ ಗಂಟಲಿಗೆ ಹಾಲೂ ಇಳಿಯುತ್ತಿರಲಿಲ್ಲ.

ಹನ್ನೊಂದನೆಯ ದಿನ ಕೈಲಾಂಚಕ್ಕೆ ಹೋದೆ. ಅವಳ ಗಂಡ ನನ್ನನ್ನು ಗುರುತು ಹಿಡಿದು ಹತ್ತಿರ ಬಂದ. "ಅವಳ ಬಾಯಿಂದ ಏನೋ ತಗೊಂಡಿದ್ಯಲ್ಲವ್ವ, ಅದ್ರಿಂದ ಯಾರ್ಗಾರ ಒಳ್ಳೇದಾಯ್ತಾ?"

ನನ್ನ ಪ್ರಬಂಧಕ್ಕೆ ಒಪ್ಪಿಗೆ ಸಿಕ್ಕಿತ್ತು. ಅದರಲ್ಲಿ ಅವಳ ಹೆಸರಿಲ್ಲ, ಒಂದು ಸಂಖ್ಯೆಯಿದೆ.

"ಆಯ್ತು" ಎಂದೆ.

"ಹಂಗಾರೆ ಸರಿ" ಎಂದು ತಲೆದೂಗಿ, ನನ್ನನ್ನು ಪಂಕ್ತಿಯಲ್ಲಿ ಕೂರಿಸಿ ತಾನೇ ಎಲೆ ಹಾಕಿದ.